ಜೋಗಿಯಿಲ್ಲದ ಮೆರವಣಿಗೆ

ನಮ್ಮ ಅಂಗಳದಲ್ಲಿ ಈಗ ಕಲ್ಲಿನ ಇಲಿಗಳಿವೆ. ಜಗಲಿಯ ಮೆಟ್ಟಿಲ ಬುಡದಿಂದ ಹೊರಟು, ದಾಸವಾಳದ ಪಕ್ಕ ಹಾದು, ಬಾವಿಕಟ್ಟೆಯ ಕಡೆಗೆ ಸಾಲು ಹಿಡಿದಿವೆ. ಅವುಗಳಿಂದ ಆಚೆ, ಹಲಸಿನ ಮರದಡಿ, ಒಬ್ಬ ಹುಡುಗ ಕೂತಿದ್ದಾನೆ. ಮನೆಗೆ ಬಂದವರು ಇನ್ನೂ ಚಪ್ಪಲಿ ಬಿಡುವ ಮೊದಲೇ ಕೇಳುತ್ತಾರೆ: "ಎಲ್ಲಿ ಜೋಗಿ?" ಯಾವ ಕಥೆ ಎಂದು ಯಾರಿಗೂ ಹೇಳಿಕೊಡಬೇಕಾಗಿ ಬಂದಿಲ್ಲ. ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯನ್ನು ಓದದವರೂ ಯಾರದೋ ಬಾಯಲ್ಲಿ ಕೇಳಿರುತ್ತಾರೆ, ಇಲ್ಲವೇ ಶಾಲೆಯ ವಾರ್ಷಿಕೋತ್ಸವದಲ್ಲಿ ಬಾಲ ಕಟ್ಟಿಕೊಂಡು ಇಲಿಯಾಗಿ ಕುಣಿದಿರುತ್ತಾರೆ.

ಫೋಟೋ ನೋಡಿದ ಕೆಲವರು ಕೇಳಿದ್ದರು, ಮಕ್ಕಳ ಪುಸ್ತಕವೊಂದನ್ನು ಕಲ್ಲಿನಲ್ಲಿ ಮಾಡಿಸುವುದು ಹೇಗೆ, ಯಾರನ್ನು ಕೇಳಬೇಕು, ಏನೇನು ಮಾತಾಡಿಕೊಳ್ಳಬೇಕು ಎಂದು. ಅದನ್ನೆಲ್ಲ ಬರೆಯುತ್ತೇನೆ. ಆದರೆ ಅದಕ್ಕಿಂತ ಹೆಚ್ಚಾಗಿ ನನಗೆ ಬರೆಯಬೇಕೆನಿಸಿರುವುದು ಒಂದು ಮಾತು: ಈ ಕಥೆ, ಕಿಂದರಿ ಬಾರಿಸಿ ಇಲಿಗಳನ್ನೆಲ್ಲ ಹೊಳೆಗೆ ಇಳಿಸಿದ ಕಲಾವಿದನಿಗೆ ಒಪ್ಪಿಕೊಂಡ ಸಂಭಾವನೆಯನ್ನು ಕೊಡದೇ ಹೋದ ಊರಿನ ಕಥೆ. ಅಂಥ ಕಥೆಯನ್ನು ಒಬ್ಬ ಕಲಾವಿದರ ಕೈಯಲ್ಲಿ ಮಾಡಿಸಲು ಹೊರಟವರು ಹೇಗೆ ನಡೆದುಕೊಳ್ಳಬೇಕು?

ಮೊದಲು ಪುಸ್ತಕದ ವಿಷಯ. ನಮ್ಮದು ತೀರ್ಥಹಳ್ಳಿ ತಾಲ್ಲೂಕು. ಕುವೆಂಪು ಅವರ ಊರು ಕುಪ್ಪಳಿಯೂ ಇದೇ ತಾಲ್ಲೂಕು. ಕವಿತೆಯ ಬೊಮ್ಮನಹಳ್ಳಿ ಇರುವುದು ತುಂಗೆಯ ದಡದಲ್ಲಿ, ಹಾಗಾಗಿ ಚಿಕ್ಕವರಿದ್ದಾಗ ನಮಗೆ ಅದು ಕಟ್ಟುಕಥೆ ಅನ್ನಿಸಿರಲೇ ಇಲ್ಲ. ಹೊಳೆ ದಾಟಿದರೆ ಎಲ್ಲೋ ಇರಬೇಕು, ಅಪ್ಪಯ್ಯ ಮಂಡಿಗೆ ಅಡಿಕೆ ಹಾಕಲು ಹೋದಾಗ ಆ ದಾರಿಯಲ್ಲೇ ಹೋಗುತ್ತಿರಬೇಕು ಎಂದುಕೊಂಡಿದ್ದೆವು. ಮಳೆಗಾಲದಲ್ಲಿ ಕರೆಂಟು ಹೋದರೆ ವಾರಗಟ್ಟಲೆ ಬರದ ದಿನಗಳವು. ಚಿಮಣಿ ಎಣ್ಣೆಯ ಲಾಟೀನಿನ ಮುಂದೆ ಅಪ್ಪಯ್ಯ ಓದುತ್ತಿದ್ದರು. ಕವಿತೆಯಲ್ಲಿ ಇಲಿಗಳು ಬರುವುದು ಬರಿಯ ಇಲಿಗಳಾಗಿ ಅಲ್ಲವಲ್ಲ, ಅಣ್ಣ, ತಮ್ಮ, ಅವ್ವ, ಅಪ್ಪ, ಮಾವ, ಭಾವ ಎಂದು ಇಡೀ ನೆಂಟಸ್ತಿಕೆಯೇ ಬೀದಿಗಿಳಿಯುತ್ತದೆ. ನಮ್ಮ ಕೂಡುಕುಟುಂಬದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಇಲಿ ಹಂಚಿಕೆಯಾಗಿತ್ತು. ದೊಡ್ಡಪ್ಪನ ಮಗ ಇವತ್ತಿಗೂ ನನ್ನನ್ನು ಆ ಇಲಿಯ ಹೆಸರಿನಿಂದಲೇ ಫೋನಿನಲ್ಲಿ ಮಾತಾಡಿಸುತ್ತಾನೆ. ಪುಸ್ತಕದ ರಟ್ಟು ಹೋಗಿ, ಮೈದಾ ಅಂಟಿನಲ್ಲಿ ಹಳೆಯ ಕ್ಯಾಲೆಂಡರಿನ ಹಾಳೆ ಅಂಟಿಸಿ, ಅದೂ ಹರಿದು, ಈಗ ಅದು ಒಂದು ಪ್ಲಾಸ್ಟಿಕ್ ಕವರಿನಲ್ಲಿದೆ.

ಕಥೆಯ ಮೂಲ ದೂರದ್ದು. ಜರ್ಮನಿಯ ಹ್ಯಾಮೆಲಿನ್ ಊರಿನಿಂದ 1284ರ ಜೂನ್ 26ರಂದು ಮಕ್ಕಳು ಕಾಣೆಯಾದರು ಎಂಬ ಐತಿಹ್ಯ ಅದರ ಬೇರು. ಮಕ್ಕಳು ನಡೆದುಹೋದರು ಎನ್ನುವ ಬೀದಿಯಲ್ಲಿ ಅಲ್ಲಿನವರು ಈಗಲೂ ವಾದ್ಯ ನುಡಿಸುವುದಿಲ್ಲ. ಇಂಗ್ಲಿಷಿನಲ್ಲಿ ಇದನ್ನು ಕಥನಕವನವಾಗಿ ಬರೆದವನು ರಾಬರ್ಟ್ ಬ್ರೌನಿಂಗ್, ಪ್ರಕಟವಾದದ್ದು 1842ರಲ್ಲಿ. ಅದರ ಹುಟ್ಟು ನನಗೆ ತುಂಬ ಇಷ್ಟವಾದ ಸಂಗತಿ. ನಟ ಮ್ಯಾಕ್ರೆಡಿಯ ಚಿಕ್ಕ ಮಗ ವಿಲ್ಲಿ ಕಾಯಿಲೆಯಾಗಿ ಹಾಸಿಗೆ ಹಿಡಿದಿದ್ದ. ಅವನಿಗೆ ಚಿತ್ರ ಬಿಡಿಸಲು ಏನಾದರೂ ಬೇಕಿತ್ತು. ಆ ಹುಡುಗ ಚಿತ್ರ ಬರೆಯಲಿ ಎಂದೇ ಬ್ರೌನಿಂಗ್ ಈ ಪದ್ಯ ಬರೆದುಕೊಟ್ಟ. ಅಂದರೆ ಈ ಕವಿತೆ ಹುಟ್ಟುವಾಗಲೇ ಒಬ್ಬ ಮಗುವಿನ ಕೈಗೆ ಕೆಲಸ ಕೊಡಲು ಹುಟ್ಟಿದ್ದು. ಅದು ಕುವೆಂಪು ಅವರ ಕೈಗೆ ಬಂದು ನಮ್ಮ ಹೊಳೆ, ನಮ್ಮ ಗೌಡ, ನಮ್ಮ ಜೋಗಿ ಆಯಿತು. ಊದುವ ಕೊಳಲಿನ ಜಾಗಕ್ಕೆ ಕಿಂದರಿ ಬಂತು. ಇಷ್ಟೆಲ್ಲ ಕೈ ದಾಟಿ ಬಂದ ಕಥೆ ಕಲ್ಲಿಗೂ ಒಮ್ಮೆ ದಾಟಲಿ ಎಂದು ನನಗೆ ಆಸೆಯಾದದ್ದು, ಮನೆ ರಿಪೇರಿಯಾಗಿ ಅಂಗಳದ ಮುಂಭಾಗ ಖಾಲಿ ಉಳಿದಾಗ.

ಆಸೆಯನ್ನು ಎಲ್ಲರೂ ಒಪ್ಪಿದರು. ಮಾಡಿಸುವುದು ಏನನ್ನು ಎಂಬಲ್ಲಿ ಮಾತ್ರ ಒಬ್ಬೊಬ್ಬರದು ಒಂದೊಂದು ಮಾತು.

ಪುಸ್ತಕಕ್ಕೆ ಪುಟಗಳಿವೆ. ಒಂದು ಚಿತ್ರ ಮುಗಿದರೆ ಮುಂದಿನದು ಬರುತ್ತದೆ. ಕಲ್ಲಿಗೆ ಒಂದೇ ಗಳಿಗೆ. ಆ ಗಳಿಗೆ ಯಾವುದು ಎಂದು ನಿಶ್ಚಯಿಸಿದರೆ ಅರ್ಧ ಕೆಲಸ ಆದಂತೆ. ಅಪ್ಪಯ್ಯನಿಗೆ ಜೋಗಿಯೇ ಬೇಕಿತ್ತು: ಗಡ್ಡ, ಹೆಗಲ ಮೇಲೆ ಕಿಂದರಿ, ಹಿಂದೆ ಸಾಲುಸಾಲು. ನನಗೂ ಮೊದಮೊದಲು ಅದೇ ಮನಸ್ಸಿತ್ತು. ಆದರೆ ಕೂತು ಯೋಚಿಸಿದಷ್ಟೂ ಜೋಗಿಗೆ ಒಂದು ಮುಖ ಕೊಡುವುದು ಸರಿಯಲ್ಲ ಅನ್ನಿಸಿತು. ಅಪ್ಪಯ್ಯನ ಜೋಗಿ ಎತ್ತರದವನು, ನಗುಮುಖದವನು. ನನ್ನ ಜೋಗಿಯ ಕಣ್ಣಲ್ಲಿ ನಗುವಿಲ್ಲ. ನನ್ನ ಮಗಳ ಜೋಗಿ ಹುಡುಗ, ಮೀಸೆ ಕೂಡ ಬಂದಿಲ್ಲವಂತೆ. ಇವುಗಳಲ್ಲಿ ಒಂದನ್ನು ಕಲ್ಲಿನಲ್ಲಿ ಕಡೆಸಿದರೆ ಉಳಿದವು ಸಾಯುತ್ತವೆ. ಲಂಡನ್ನಿನ ಕೆನ್ಸಿಂಗ್ಟನ್ ಉದ್ಯಾನದಲ್ಲಿ ಪೀಟರ್ ಪ್ಯಾನ್ ವಿಗ್ರಹವನ್ನು ಮಾಡಿಸಿದ್ದು ಆ ಕಥೆಗಾರ ಬ್ಯಾರಿಯೇ. ಬೆಳಗಾದಾಗ ಮಕ್ಕಳಿಗೆ ಅಚ್ಚರಿಯಾಗಲಿ ಎಂದು 1912ರ ಮೇ 1ರ ಹೊತ್ತಿಗೆ ರಾತ್ರೋರಾತ್ರಿ ತಂದು ನಿಲ್ಲಿಸಿದ. ಆದರೂ ಅವನಿಗೇ ಅದರ ಮೇಲೆ ಪೂರ್ತಿ ಸಮಾಧಾನವಾಗಲಿಲ್ಲ, ತನ್ನ ಪೀಟರಿನೊಳಗಿನ ತುಂಟ ಪಿಶಾಚಿ ಅದರಲ್ಲಿ ಕಾಣಿಸುತ್ತಿಲ್ಲ ಎಂದ. ಬರೆದವನ ಮನಸ್ಸಿನ ಮುಖವೇ ಕಂಚಿಗೆ ಬರಲಿಲ್ಲ ಅಂದರೆ, ಓದಿದವರದು ಎಲ್ಲಿಂದ ಬರಬೇಕು. ಆದರೆ ಅದೇ ವಿಗ್ರಹದ ಬುಡದಲ್ಲಿ ಮೊಲ, ಅಳಿಲು, ಇಲಿಗಳಿವೆ, ಅವುಗಳ ಕಿವಿ, ಬೆನ್ನು ಮಕ್ಕಳ ಕೈಯಾಡಿ ಆಡಿ ಹೊಳೆಯುತ್ತವೆ. ಮಕ್ಕಳ ಕೈ ಹೋಗುವುದು ಎಟುಕುವ ಕಡೆಗೆ.

ಇದಕ್ಕೆ ಇನ್ನೂ ಒಳ್ಳೆಯ ಸಾಕ್ಷಿ ಅಮೆರಿಕದ ಬಾಸ್ಟನ್ನಿನಲ್ಲಿದೆ. ರಾಬರ್ಟ್ ಮೆಕ್ಲಾಸ್ಕಿಯ 1941ರ 'ಮೇಕ್ ವೇ ಫಾರ್ ಡಕ್ಲಿಂಗ್ಸ್' ಎಂಬ ಮಕ್ಕಳ ಪುಸ್ತಕದ ತಾಯಿಬಾತು ಮತ್ತು ಅದರ 8 ಮರಿಗಳನ್ನು ನ್ಯಾನ್ಸಿ ಶೋನ್ ಎಂಬ ಶಿಲ್ಪಿ ಕಂಚಿನಲ್ಲಿ ಮಾಡಿದರು. 1987ರಿಂದ ಅವು ಅಲ್ಲಿನ ಪಬ್ಲಿಕ್ ಗಾರ್ಡನ್‌ನಲ್ಲಿವೆ. ಪೀಠವಿಲ್ಲ, ಬೇಲಿಯಿಲ್ಲ. ಕಲ್ಲುಹಾಸಿನ ದಾರಿಯ ಮೇಲೆಯೇ, ನಾವು ನಡೆಯುವ ನೆಲದಲ್ಲೇ ನಡೆಯುತ್ತಿವೆ. ತಾಯಿಬಾತಿನ ಎತ್ತರ ಸುಮಾರು 3 ಅಡಿ. ಮಕ್ಕಳು ಮೇಲೆ ಹತ್ತಿ ಕೂರುತ್ತಾರೆ. ಮರಿಗಳನ್ನು ಕದ್ದವರೂ ಇದ್ದಾರೆ, ಮತ್ತೆ ಮಾಡಿ ಕೂರಿಸಿದ್ದಾರೆ. ನನ್ನ ತಮ್ಮ ಆ ಊರಿನಲ್ಲಿ ಕೆಲಸದಲ್ಲಿದ್ದಾಗ ಅವನ ಮಗು ಎರಡನೆಯ ಮರಿಯ ಮೇಲೆ ಕೂತ ಫೋಟೋ ಕಳಿಸಿದ್ದ. ಅದನ್ನು ನೋಡಿದ ನನ್ನ ಮಗಳು ಒಂದೇ ಮಾತಿಗೆ ತೀರ್ಮಾನ ಕೊಟ್ಟಳು: "ನಮಗೆ ಇಲಿ ಸಾಲು ಸಾಕು. ಮುಂದೆ ಜೋಗಿ ಆಗಿ ನಾವೇ ನಿಲ್ತೀವಿ."

ಎಷ್ಟು ಸರಿಯಾದ ಮಾತು! ಜೋಗಿಯ ಜಾಗವನ್ನು ಖಾಲಿ ಬಿಡುವುದು ಎಂದಾಯಿತು. ಸಾಲಿನ ಮುಂದೆ ಒಂದು ಚಪ್ಪಟೆ ಕಲ್ಲು ಮಾತ್ರ. ಅದರ ಮೇಲೆ ಯಾರು ನಿಲ್ಲುತ್ತಾರೋ ಆವತ್ತಿನ ಜೋಗಿ ಅವರು. ಅಪ್ಪಯ್ಯ ಒಂದು ದಿನ ಮುಖ ಸಣ್ಣದು ಮಾಡಿಕೊಂಡಿದ್ದರು. ಆಮೇಲೆ ಆ ಕಲ್ಲಿನ ಮೇಲೆ ಮೊದಲು ನಿಂತವರು ಅವರೇ.

ಹುಡುಗ ಬಂದದ್ದು ಅತ್ತೆಯಿಂದ. ನನ್ನ ಸಣ್ಣತ್ತೆಗೆ ಮೂರು ವರ್ಷದಲ್ಲಿ ಪೋಲಿಯೋ ಆಗಿ ಎಡಗಾಲು ಸೊರಗಿದೆ. ನಾವೆಲ್ಲ ಜಗಲಿಯಿಂದ ಅಂಗಳಕ್ಕೆ, ಅಂಗಳದಿಂದ ಕೊಟ್ಟಿಗೆಗೆ ಇಲಿಗಳಾಗಿ, ಮಕ್ಕಳಾಗಿ ಓಡುವಾಗ ಅವಳು ಜಗಲಿಯ ಕಂಬಕ್ಕೆ ಒರಗಿ ಪುಸ್ತಕ ಹಿಡಿದಿರುತ್ತಿದ್ದಳು. ಬೆಟ್ಟ ಬಾಯಿ ತೆರೆದು ಮಕ್ಕಳೆಲ್ಲ ಒಳಗೆ ಹೋದ ಮೇಲೆ, ಕಾಲಿನ ದೆಸೆಯಿಂದ ಹಿಂದುಳಿದುಬಿಡುವ ಹುಡುಗನ ಭಾಗ ಅವಳದು. ಬ್ರೌನಿಂಗಿನ ಪದ್ಯದಲ್ಲೂ ಆ ಹುಡುಗನಿದ್ದಾನೆ. ಒಳಗೆ ಏನಿದೆ ಎಂದು ಜೋಗಿ ಆಸೆ ತೋರಿಸಿದ್ದನ್ನು ಅವನು ವರ್ಷಗಳಾದ ಮೇಲೂ ಹೇಳಿಕೊಳ್ಳುತ್ತಿರುತ್ತಾನೆ. ನಾವು ಅವನನ್ನು ಪಾಪದವನು ಎಂದುಕೊಂಡೇ ಬೆಳೆದೆವು. ಅತ್ತೆಯ ಲೆಕ್ಕ ಬೇರೆ. "ಅವ ಒಬ್ಬ ಉಳೀದೆ ಇದ್ದಿದ್ರೆ ಮಕ್ಕಳು ಎಲ್ಲಿಗೆ ಹೋದ್ವು ಅಂತ ಊರಿಗೆ ಹೇಳೋರು ಯಾರು? ಕಥೆ ಉಳಿದಿದ್ದೇ ಅವನಿಂದ" ಎಂದಳು. ಹುಡುಗ ಅಳಬಾರದು, ತಲೆ ತಗ್ಗಿಸಬಾರದು, ಕಥೆ ಹೇಳುತ್ತಿರಬೇಕು ಎಂಬುದು ಅವಳ ಷರತ್ತು. ಆ ಷರತ್ತಿನ ಮೇಲೆಯೇ ಇಡೀ ಕೆಲಸ ನಿಂತಿತು.

ಏತರಲ್ಲಿ ಮಾಡಿಸುವುದು? ಸಾಗರ, ಸೊರಬದ ಗುಡಿಗಾರರ ಮರದ ಕೆತ್ತನೆ ನಮ್ಮ ಜಿಲ್ಲೆಯ ಹೆಮ್ಮೆ, ಮನಸ್ಸು ಮೊದಲು ಹೋದದ್ದು ಅಲ್ಲಿಗೇ. ಆದರೆ ನಮ್ಮ ಮಳೆ, ನಮ್ಮ ಗೆದ್ದಲು ಎರಡಕ್ಕೂ ತೆರೆದ ಅಂಗಳದ ಮರ ತಾಳದು. ಬಳಪದ ಕಲ್ಲು ನೋಡಲು ಚೆಂದ. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಉಳಿ ಹೇಳಿದ ಹಾಗೆ ಕೇಳುತ್ತದೆ, ಬೇಲೂರು ಹಳೇಬೀಡಿನ ಸರ, ಗೆಜ್ಜೆಗಳೆಲ್ಲ ಅದರ ಕೃಪೆ. ಆದರೆ ಮಕ್ಕಳು ಮೇಲೆ ಹತ್ತಿ ಕುಣಿಯುವ ಕಡೆ ಅದು ಬೇಗ ಗೀರು ಬೀಳುತ್ತದೆ, ಅಂಚು ಮುಕ್ಕಾಗುತ್ತದೆ. ರಸ್ತೆ ಬದಿಯ ಸಿಮೆಂಟಿನ ಕಪ್ಪೆ, ಫೈಬರಿನ ಜಿಂಕೆಗಳನ್ನು ಅಗ್ಗಕ್ಕೆ ಸಿಗುತ್ತವೆಂದು ಕೆಲವರು ತೋರಿಸಿದರು. ಅಚ್ಚಿನಲ್ಲಿ ಎರಕ ಹೊಯ್ದದ್ದರಲ್ಲಿ ನಮ್ಮ ಮಾವನ ಇಲಿ, ಅವರ ಭಾವನ ಇಲಿ ಎಂಬ ಭೇದ ಇರುವುದಿಲ್ಲ. ಕೊನೆಗೆ ಗಟ್ಟಿ ಕರಿಕಲ್ಲೇ ಆಗಲಿ ಎಂದು ಘಾಟಿಯ ಕೆಳಗೆ ಕಾರ್ಕಳದ ದಾರಿ ಹಿಡಿದೆವು.

ಕಾರ್ಕಳಕ್ಕೂ ಕಲ್ಲಿಗೂ ಇರುವ ನಂಟು ಹೊಸದಲ್ಲ. 1432ರಲ್ಲಿ ನಿಂತ ಗೊಮ್ಮಟ ಅಲ್ಲಿದ್ದಾನೆ. ಧರ್ಮಸ್ಥಳದ 39 ಅಡಿಯ ಬಾಹುಬಲಿಯನ್ನು ರೆಂಜಾಳ ಗೋಪಾಲ ಶೆಣೈ ಅವರು ಕಡೆದದ್ದೂ ಕಾರ್ಕಳದಲ್ಲೇ. ಹತ್ತಿರದ ನೆಲ್ಲಿಕಾರಿನ ಕೃಷ್ಣಶಿಲೆಗೆ ಊರೂರಿನ ದೇವಸ್ಥಾನಗಳಿಂದ ಬೇಡಿಕೆ. ನಮಗೆ ಸಿಕ್ಕ ಆಚಾರ್ರು ಆ ದೊಡ್ಡ ಹೆಸರಿನವರ ಸಾಲಿನವರಲ್ಲ. ರಸ್ತೆಯಿಂದ ಒಳಗೆ, ಶೀಟು ಹೊದೆಸಿದ ಶೆಡ್ಡಿನಲ್ಲಿ ಇಬ್ಬರು ಹುಡುಗರ ಜತೆ ಕೆಲಸ ಮಾಡುವವರು. ನಾಗನ ಕಲ್ಲು, ಗಣಪತಿ, ದೇವಸ್ಥಾನದ ಬಲಿಕಲ್ಲು, ದೀಪದ ಕಂಬ, ಇವು ಅವರ ದಿನನಿತ್ಯ. ನಾನು ಬಂದ ಕೆಲಸ ಹೇಳಿದೆ. ಗ್ರೈಂಡರ್ ನಿಲ್ಲಿಸಿ, ಮುಖದ ಧೂಳು ಒರೆಸಿಕೊಂಡು ಕೇಳಿದರು: "ಪೂಜೆಗಾ ಅಕ್ಕ?" ಅಲ್ಲ, ಮಕ್ಕಳಿಗೆ ಆಡಲಿಕ್ಕೆ ಎಂದೆ. "ಹಾಗಾದ್ರೆ ಲೆಕ್ಕ ಬೇರೆ. ಮಾಡುವ" ಎಂದರು.

ಪೂಜೆಯ ಮೂರ್ತಿಗೆ ತಾಳಮಾನದ ಅಳತೆ ಇದೆ. ಮುಖ ಇಷ್ಟಾದರೆ ಎದೆ ಇಷ್ಟು, ಕಾಲು ಇಷ್ಟು ಎಂದು. ಕಲ್ಲಿಗೂ ನಾದ ನೋಡಿ ಗಂಡು, ಹೆಣ್ಣು, ನಪುಂಸಕ ಎಂದು ಜಾತಿ ಹೇಳುತ್ತಾರೆ. ಆಟದ ಇಲಿಗೆ ಈ ಶಾಸ್ತ್ರ ಬೇಕಿಲ್ಲ, ಆದರೆ ನಾದದ ಪರೀಕ್ಷೆಯನ್ನು ಅವರು ಬಿಡಲಿಲ್ಲ. ರಾಶಿ ಬಿದ್ದ ಕಲ್ಲುಗಳ ಮೇಲೆ ಸಣ್ಣ ಸುತ್ತಿಗೆಯಲ್ಲಿ ಬಡಿಯುತ್ತಾ ಹೋದರು. ಕೆಲವು ಗಂಟೆಯ ಹಾಗೆ ಕಣ್ ಎಂದವು. ಒಂದು ಮಾತ್ರ ದೊಪ್ ಎಂದಿತು. ನನ್ನ ಕಣ್ಣಿಗೆ ಎಲ್ಲಕ್ಕಿಂತ ಚೆಂದ ಕಂಡ ಕಲ್ಲೇ ಅದು. "ಒಳಗೆ ಸೀಳಿದೆ. ಇವತ್ತು ಕಾಣುವುದಿಲ್ಲ, ಹತ್ತು ಮಳೆಗೆ ನೀರು ಇಳಿದು ಎರಡಾಗ್ತದೆ" ಎಂದು ಪಕ್ಕಕ್ಕೆ ತಳ್ಳಿಸಿದರು.

ಮೊದಲ ಇಲಿ ಮುಗಿದಿದೆ ಎಂದು ಫೋಟೋ ಕಳಿಸಿದಾಗ ನೋಡಿದರೆ, ಅದು ಗಣಪತಿಯ ಮೂಷಿಕ. ಮುಂಗಾಲು ಜೋಡಿಸಿಕೊಂಡು ಕತ್ತು ಎತ್ತಿ ಕೂತಿದೆ, ಕೊರಳಲ್ಲಿ ಹಾರ, ಬೆನ್ನ ಮೇಲೆ ವಸ್ತ್ರದ ಅಂಚು. ಕೆಲಸ ಅದ್ಭುತವಾಗಿತ್ತು. ಹಾರದ ಒಂದೊಂದು ಮಣಿಯೂ ಬೇರೆ ಬೇರೆ ಕಾಣುತ್ತಿತ್ತು. ಆದರೆ ಅದು ಯಾರ ಹಿಂದೆಯೂ ಓಡುವ ಇಲಿಯಲ್ಲ, ತನ್ನ ದೇವರ ಮುಂದೆ ಕೂತ ಇಲಿ. ಫೋನು ಮಾಡಿದೆ. ಅವರೇ ಮೊದಲು ಹೇಳಿದರು: "ನಮ್ಮ ಕೈಗೆ ಇಲಿ ಅಂದ್ರೆ ಒಂದೇ ಇಲಿ ಗೊತ್ತು ಅಕ್ಕ. ಚಾಣ ಹಿಡಿದ ಕೂಡಲೇ ಅದೇ ಬರ್ತದೆ. ಸ್ವಲ್ಪ ದಿನ ಕೊಡಿ."

ಆ ದಿನಗಳಲ್ಲಿ ಅವರು ಮಾಡಿದ್ದು ಇಲಿ ನೋಡುವ ಕೆಲಸ. ಶೆಡ್ಡಿನ ಹಿಂದೆ ಅಕ್ಕಿ, ತೆಂಗಿನಕಾಯಿ ಇಡುವ ಕೋಣೆ. ಅಲ್ಲಿ ರಾತ್ರಿ ಲೈಟು ಹಾಕದೆ ಕೂತು, ಆಮೇಲೆ ಮೊಬೈಲಿನಲ್ಲಿ ವಿಡಿಯೋ ಹಿಡಿದು, ನಿಧಾನಕ್ಕೆ ಓಡಿಸಿ ನೋಡಿದರಂತೆ. ಮುಂದಿನ ಸಲ ಹೋದಾಗ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಇಲಿಗಳ ಗೆರೆಗಳಿದ್ದವು. ಓಡುವಾಗ ಬೆನ್ನು ಬಿಲ್ಲಿನಂತೆ ಬಾಗುತ್ತದೆ, ಗೋಡೆ ಪಕ್ಕ ಹೋಗುವಾಗ ಹೊಟ್ಟೆ ನೆಲಕ್ಕೆ ತಾಗಿರುತ್ತದೆ, ಸದ್ದು ಕೇಳಿದರೆ ಹಿಂಗಾಲ ಮೇಲೆ ನಿಂತು ಮೂಗು ಎತ್ತುತ್ತದೆ. "ಇದು ಮುದುಕ, ಇವ ಬರ್ತಾ ಇಲ್ಲ, ಯಾರೋ ಎಳ್ಕೊಂಡು ಹೋಗ್ತಿದ್ದಾರೆ" ಎಂದು ಒಂದನ್ನು ತೋರಿಸಿದರು. ಪದ್ಯವನ್ನು ಓದಿ ಕಳಿಸಿದ ಅಪ್ಪಯ್ಯನ ಧ್ವನಿ ಅವರ ಫೋನಿನಲ್ಲಿತ್ತು, ಕೆಲಸ ಮಾಡುವಾಗ ಹಾಕಿಕೊಂಡು ಕೇಳುತ್ತಿದ್ದರು. ಸಹಾಯಕ ಹುಡುಗರಿಗೆ ಅಷ್ಟರಲ್ಲಿ ಅರ್ಧ ಬಾಯಿಪಾಠವಾಗಿತ್ತು.

ಬಾಲದ್ದೇ ದೊಡ್ಡ ಕಷ್ಟ. ಇಲಿಗೆ ಮೈಯಷ್ಟೇ ಉದ್ದದ ಬಾಲ. ಕಲ್ಲಿನಲ್ಲಿ ತೆಳ್ಳಗೆ ಹೊರಚಾಚಿದ್ದೆಲ್ಲ ಇವತ್ತಲ್ಲ ನಾಳೆ ಮುರಿಯುವಂಥದ್ದು. ಹಳೆಯ ದೇವಸ್ಥಾನಗಳಲ್ಲಿ ಮೊದಲು ಹೋಗಿರುವುದು ಮೂಗು, ಬೆರಳು, ಆಯುಧಗಳ ತುದಿ. ಆಚಾರ್ರು ಬಾಲವನ್ನು ಬಿಡಿಸಲೇ ಇಲ್ಲ. ಒಂದರದು ಮೈಗೆ ಸುತ್ತಿಕೊಂಡಿದೆ, ಒಂದರದು ತಳದ ಕಲ್ಲಿನ ಮೇಲೆ ಉಬ್ಬಾಗಿ ಹರಿದು ಮುಂದಿನ ಇಲಿಯ ಕಾಲ ಬಳಿ ನಿಂತಿದೆ. ಮೀಸೆ ಬರೀ ಗೀರು. ಕಿವಿ ನಿಜದ ಇಲಿಗಿಂತ ದಪ್ಪ. ಮೈಗೆ ಪಾಲಿಷ್ ಬೇಡ, ಉಳಿಯ ಗುರುತು ಹಾಗೇ ಇರಲಿ, ರೋಮದ ಹಾಗೆ ಕಾಣುತ್ತದೆ ಎಂದವರೂ ಅವರೇ. ಬೆನ್ನ ಮೇಲೆ ಮಾತ್ರ ಅಂಗೈಯಗಲ ನುಣುಪು ಮಾಡಿದ್ದಾರೆ. ಯಾಕೆ ಎಂದೆ. "ಮಕ್ಕಳ ಕೈ ಅಲ್ಲಿಗೇ ಹೋಗುವುದು" ಎಂದರು. ಕೆನ್ಸಿಂಗ್ಟನ್ನಿನ ಮೊಲಗಳ ವಿಷಯ ನಾನು ಅವರಿಗೆ ಹೇಳಿರಲಿಲ್ಲ.

ಹುಡುಗನ ಕಲ್ಲು ಬಂದ ಮೇಲೆ ಅತ್ತೆಯೇ ಕಾರ್ಕಳಕ್ಕೆ ಬಂದಳು. ಆಚಾರ್ರಿಗೆ ಕೇಳಲು ಸಂಕೋಚ, ಅವಳಿಗೆ ತೋರಿಸಲು ಇಲ್ಲ. ಶೆಡ್ಡಿನಲ್ಲಿ ಒಂದು ದಿಮ್ಮಿಯ ಮೇಲೆ ಕೂತು, ಸೊರಗಿದ ಕಾಲನ್ನು ಎಲ್ಲಿ ಇಡುತ್ತಾಳೆ, ಭಾರ ಯಾವ ಕಡೆ ಬೀಳುತ್ತದೆ, ಏಳಬೇಕಾದರೆ ಕೈ ಎಲ್ಲಿಗೆ ಹೋಗುತ್ತದೆ ಎಂದು ಒಂದೊಂದಾಗಿ ತೋರಿಸಿದಳು. "ಕಾಲು ಮುಚ್ಚೋದು ಬೇಡ, ಎತ್ತಿ ತೋರ್ಸೋದೂ ಬೇಡ. ಇರೋ ಹಾಗೆ ಇರಲಿ" ಎಂದಳು. ಊರುಗೋಲು ಬಾಲದ ಹಾಗೇ ಅಪಾಯದ ವಸ್ತು. ಅದನ್ನು ತೊಡೆಯ ಮೇಲೆ ಅಡ್ಡ ಮಲಗಿಸಿ, ಮೈಯ ಕಲ್ಲಿನಿಂದ ಬೇರ್ಪಡಿಸದೆ ಕಡೆದಿದ್ದಾರೆ. ಹುಡುಗನ ಒಂದು ಕೈ ಬಾವಿಯ ಕಡೆ ಚಾಚಿದೆ, ಅದೂ ಮೊಣಕೈವರೆಗೆ ಮೈಗೆ ಅಂಟಿಕೊಂಡೇ. ಬಾಯಿ ಅರ್ಧ ತೆರೆದಿದೆ. ಅವನು ಕೂತ ಕಟ್ಟೆಯಲ್ಲಿ ಪಕ್ಕಕ್ಕೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟಿದೆ, ಕಥೆ ಕೇಳುವವರಿಗೆ. ಆ ಜಾಗದ ಎತ್ತರವನ್ನು ಅತ್ತೆ ಕೂತು, ಎದ್ದು, ಮತ್ತೆ ಕೂತು ನಿಶ್ಚಯ ಮಾಡಿದಳು.

ಇನ್ನು ದುಡ್ಡಿನ ವಿಷಯ.

ಇಲಿಗಳು ಹೊಳೆ ಪಾಲಾದ ಮೇಲೆ ಗೌಡನಿಗೆ ಕೊಟ್ಟ ಮಾತು ಭಾರವಾಗುತ್ತದೆ. ಕೆಲಸ ಹೇಗೂ ಆಗಿಹೋಯಿತು, ಸತ್ತ ಇಲಿಗಳು ವಾಪಸು ಬರುವುದಿಲ್ಲ, ಇನ್ನೇಕೆ ಅಷ್ಟೊಂದು ಹಣ? ಕಲೆಗೆ ಬೆಲೆ ಕಟ್ಟುವಾಗ ನಾವೆಲ್ಲ ಆಡುವ ಮಾತು ಇದೇ ಅಲ್ಲವೇ: ಒಂದು ಬಾರಿಸುವುದಕ್ಕೆ ಇಷ್ಟಾ, ಒಂದು ಇಲಿಗೆ ಇಷ್ಟಾ. ಆಚಾರ್ರ ಶೆಡ್ಡಿನ ಮೂಲೆಯಲ್ಲಿ ಒಂದು ಜಿಂಕೆ ನಿಂತಿದೆ. ಮುಖ, ಕೊರಳು ಮುಗಿದು, ಹಿಂಭಾಗ ಇನ್ನೂ ದಿಮ್ಮಿಯೇ ಆಗಿ. ಯಾರೋ ಹೇಳಿ ಮಾಡಿಸಿ, ಅರ್ಧಕ್ಕೆ ಫೋನು ಎತ್ತುವುದನ್ನು ಬಿಟ್ಟರಂತೆ. ಯಾರು ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ಕಲ್ಲಿನ ದುಡ್ಡು, ಹುಡುಗರ ಸಂಬಳ, ಎಲ್ಲ ಇವರ ಕೈಯಿಂದಲೇ ಹೋಗಿತ್ತು. ದೇವಸ್ಥಾನದ ಕೆಲಸದಲ್ಲಿ ಬ್ರಹ್ಮಕಲಶದ ದಿನ ನಿಗದಿಯಾಗಿರುತ್ತದೆ, ಮೂರ್ತಿ ಬೇಕೇ ಬೇಕು, ಹಾಗಾಗಿ ಹಣ ಹೇಗೋ ಬರುತ್ತದೆ. ತೋಟಕ್ಕೆ, ರೆಸಾರ್ಟಿಗೆ ಎಂದು ಬರುವ ಕೆಲಸದಲ್ಲಿ ಹೀಗಾಗುತ್ತದೆ ಎಂದರು.

ಮಂಡಿಯಲ್ಲಿ ಅಡಿಕೆ ಬಿಟ್ಟು ದುಡ್ಡಿಗೆ ಕಾದ ಅನುಭವ ಅಪ್ಪಯ್ಯನಿಗೆ ಇದೆ. ಅವರೇ ಕೂತು ಕಾಗದ ಬರೆದರು. ಕಲ್ಲಿನ ಬೆಲೆ ಪೂರ್ತಿ ಮೊದಲೇ. ಕೂಲಿಯಲ್ಲಿ ಮೂರನೇ ಒಂದು ಭಾಗ ಕೆಲಸ ಶುರುವಾದಾಗ, ಇನ್ನೊಂದು ಒರಟು ಆಕಾರ ಬಂದಾಗ, ಕೊನೆಯದು ಅಂಗಳದಲ್ಲಿ ಕೂರಿಸಿದ ದಿನವೇ, ಸೂರ್ಯ ಮುಳುಗುವ ಮೊದಲು. ನಾವು ಮನಸ್ಸು ಬದಲಿಸಿದರೆ ಅದುವರೆಗಿನ ಕೂಲಿ ಕೊಡುವ ಹೊಣೆ ನಮ್ಮದು. ಮೂಷಿಕಕ್ಕೂ ದುಡ್ಡು ಕೊಟ್ಟು ತಂದೆವು, ಅದೀಗ ದೇವರ ಕೋಣೆಯಲ್ಲಿದೆ. ಚೌಕಾಸಿ ಮಾಡಲಿಲ್ಲ ಎಂದು ಬೈದವರಿದ್ದಾರೆ. ಈ ಕಥೆಯನ್ನು ಮಕ್ಕಳಿಗೆ ಹೇಳುತ್ತಾ ಅದರ ಕೆಲಸಗಾರನ ಹತ್ತಿರ ಕೊಸರಾಡಲು ನನಗೆ ಬಾಯಿ ಬರಲಿಲ್ಲ.

ಕಾನೂನಿನಲ್ಲೂ ಒಂದು ಸಂಗತಿ ಇದೆ, ಶಿಲ್ಪ ಮಾಡಿಸುವವರು ತಿಳಿದಿರಬೇಕಾದದ್ದು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ದುಡ್ಡು ಕೊಟ್ಟು ತೆಗೆಸಿದ ಫೋಟೋ, ಬರೆಸಿದ ಚಿತ್ರಗಳ ಹಕ್ಕು ಮಾಡಿಸಿದವರಿಗೆ ಸೇರುತ್ತದೆ. ಆ ಪಟ್ಟಿಯಲ್ಲಿ ಶಿಲ್ಪದ ಹೆಸರಿಲ್ಲ. ಅಂದರೆ ಕಲ್ಲು ನಮ್ಮದಾದರೂ ಆ ರೂಪದ ಹಕ್ಕು ಕಡೆದವರದ್ದೇ. ಅದಲ್ಲದೆ 57ನೇ ಸೆಕ್ಷನ್ ಕೃತಿಕಾರರ ಗೌರವವನ್ನೂ ಕಾಯುತ್ತದೆ. ದೆಹಲಿಯ ವಿಜ್ಞಾನ ಭವನದಲ್ಲಿ ಶಿಲ್ಪಿ ಅಮರನಾಥ ಸೆಹಗಲ್ ಅವರ ಬೃಹತ್ ಕಂಚಿನ ಭಿತ್ತಿಶಿಲ್ಪವಿತ್ತು. 1979ರಲ್ಲಿ ಅದನ್ನು ಕಿತ್ತು ಉಗ್ರಾಣಕ್ಕೆ ಹಾಕಿದರು, ತುಂಡುಗಳು ಹಾಳಾದವು. ಸೆಹಗಲ್ ಸರ್ಕಾರದ ಮೇಲೆ ದಾವೆ ಹೂಡಿದರು. 2005ರಲ್ಲಿ ದೆಹಲಿ ಹೈಕೋರ್ಟು ಉಳಿದ ಶಿಲ್ಪವನ್ನು ಅವರಿಗೆ ಹಿಂದಿರುಗಿಸಿ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದಿತು. ಹಣ ಕೊಟ್ಟು ಕೊಂಡ ಮಾತ್ರಕ್ಕೆ ಒಡೆಯುವ ಹಕ್ಕು ಬರುವುದಿಲ್ಲ ಎನ್ನುವ ಈ ತೀರ್ಪನ್ನು ನಾನು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದ್ದೇನೆ. ಕವಿಯ ಹಕ್ಕೂ ಇದೆಯಲ್ಲ. ಅದಕ್ಕೇ ಪದ್ಯದ ಸಾಲುಗಳನ್ನು ಕಲ್ಲಿನ ಮೇಲೆ ಕೆತ್ತಿಸಲಿಲ್ಲ, ಪುಸ್ತಕದೊಳಗಿನ ಚಿತ್ರಗಳನ್ನು ಆಚಾರ್ರಿಗೆ ತೋರಿಸಲೂ ಇಲ್ಲ. ಅವರ ಇಲಿಗಳು ಅವರ ಉಗ್ರಾಣದ ಇಲಿಗಳೇ ಆಗಿರಲಿ.

ಕಲ್ಲಿನ ಮೇಲೆ ಹೆಸರು ಹಾಕಿ ಎಂದಾಗ ಅವರು ಒಪ್ಪಲಿಲ್ಲ. ದೇವರ ಮೂರ್ತಿಗೆ ನಾವು ಹೆಸರು ಹಾಕುವುದಿಲ್ಲ, ಅಭ್ಯಾಸವಿಲ್ಲ ಎಂದರು. ಬೇಲೂರಿನ ಮದನಿಕೆಗಳ ಬುಡದಲ್ಲಿ ದಾಸೋಜ, ಚಾವಣ ಎಂಬ ತಂದೆ ಮಗ ಹೆಸರು ಕೊರೆದಿದ್ದಾರೆ, ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಸಿಗುತ್ತದೆ, ದಾಸೋಜ ನಮ್ಮ ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯವನು ಎಂದು ನಾನು ಹೇಳಿದೆ. ಕೇಳಿಕೊಂಡು ಸುಮ್ಮನಿದ್ದರು. ಕೂರಿಸುವ ದಿನ ನೋಡಿದರೆ ಹುಡುಗನ ಕಟ್ಟೆಯ ಹಿಂಬದಿಯಲ್ಲಿ ಮೂರು ಹೆಸರುಗಳಿವೆ, ಅವರದು ಮತ್ತು ಆ ಇಬ್ಬರು ಸಹಾಯಕ ಹುಡುಗರದು, ಒಂದೇ ಅಳತೆಯ ಅಕ್ಷರದಲ್ಲಿ.

ಸಾಗಿಸುವ ಮೊದಲು ತೂಕದ ಲೆಕ್ಕ ಹಾಕಿಕೊಳ್ಳಿ. ಇಂಥ ಗಟ್ಟಿ ಕಲ್ಲು ಒಂದು ಘನ ಅಡಿಗೆ ಸುಮಾರು 75 ಕಿಲೋ ತೂಗುತ್ತದೆ. ಇಲಿಯನ್ನು ಇಬ್ಬರು ಎತ್ತಬಹುದು, ಹುಡುಗನಿಗೆ ಚೈನ್ ಪುಲ್ಲಿ ಬೇಕಾಯಿತು. ಆಗುಂಬೆಯ 14 ತಿರುವುಗಳಲ್ಲಿ ಮಳೆಗಾಲದಲ್ಲಿ ಭಾರದ ವಾಹನ ಬಿಡುವುದಿಲ್ಲ, ನಾವು ಏಪ್ರಿಲ್‌ನಲ್ಲೇ ಪಿಕಪ್‌ನಲ್ಲಿ, ಭತ್ತದ ಹುಲ್ಲು ಹಾಸಿ ತಂದೆವು. ನಮ್ಮ ಜಂಬಿಟ್ಟಿಗೆ ಮಣ್ಣು ಮಳೆಗೆ ಮೆತ್ತಗಾಗುತ್ತದೆ, ಆದ್ದರಿಂದ ಮೊಣಕಾಲುದ್ದ ತೋಡಿ, ಕಾಡುಗಲ್ಲು ತುಂಬಿ, ಮೇಲೆ ಕಾಂಕ್ರೀಟು ಹಾಕಿ ಕೂರಿಸಿದ್ದು. ತಳಕ್ಕೆ ಚುಚ್ಚುವ ಸರಳು ಸ್ಟೇನ್‌ಲೆಸ್ ಸ್ಟೀಲಿನದೇ ಇರಬೇಕು. ಮಾಮೂಲಿ ಕಬ್ಬಿಣ ತುಕ್ಕು ಹಿಡಿದು ಉಬ್ಬಿದರೆ ಕಲ್ಲನ್ನೇ ಸೀಳುತ್ತದೆ. ನೀರು ನಿಲ್ಲದ ಹಾಗೆ ತಳದ ಕಲ್ಲಿಗೆ ಸಣ್ಣ ಇಳಿಜಾರು ಇಡಿಸಿ.

ಮೊದಲ ಮಳೆಗಾಲ ಮುಗಿದಿದೆ. ಇಲಿಗಳ ಉಳಿಗೀರುಗಳಲ್ಲಿ ಪಾಚಿ ಕೂತು ಬೆನ್ನೆಲ್ಲ ಹಸಿರಾಗಿದೆ, ಮಕ್ಕಳ ಕೈಯಾಡುವ ನುಣುಪಿನ ಜಾಗ ಮಾತ್ರ ಕಪ್ಪಗೇ ಉಳಿದಿದೆ. ತೆಗೆಯಬೇಕೇ ಎಂದು ಫೋನು ಮಾಡಿದ್ದಕ್ಕೆ, ಆಸಿಡ್ ಹಾಕಬೇಡಿ, ತಂತಿ ಬ್ರಷ್ಷು ಮುಟ್ಟಿಸಬೇಡಿ, ತೆಂಗಿನ ನಾರು ಮತ್ತು ನೀರು ಸಾಕು, ಕಾಲಿಡುವ ಕಲ್ಲಿನ ಮೇಲಿನದು ಮಾತ್ರ ತಿಕ್ಕಿ, ಉಳಿದದ್ದು ಇರಲಿ ಎಂದರು ಆಚಾರ್ರು. ದೀಪಾವಳಿ ಕಳೆದ ಮೇಲೆ ಇನ್ನೆರಡು ಇಲಿ ತರುತ್ತಾರೆ. ತಮ್ಮನ ಮಗುವಿಗೊಂದು, ಆಚಾರ್ರ ಸಹಾಯಕ ಹುಡುಗರಲ್ಲಿ ಚಿಕ್ಕವನಿಗೆ ಮೊನ್ನೆ ಹುಟ್ಟಿದ ಮಗಳಿಗೊಂದು. ಕಲ್ಲಿನ ದುಡ್ಡನ್ನು ಅಪ್ಪಯ್ಯ ಆಗಲೇ ಕಳಿಸಿಯಾಗಿದೆ.